ಮೆರವಣಿಗೆಯ ವಾದ್ಯ ಕಚೇರಿಗೆ ಬಂದ ಬಗೆ

(ಬಾನುಲಿ ಭಾಷಣ)

ವಾದ್ಯಗಳಿಗೂ ಕುಲಗೋತ್ರಗಳನ್ನು ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ವೀಣೆ ಶಾರದೆಯ ಕೈಯಲ್ಲಿ, ಕೊಳಲು ಕೃಷ್ಣನ ತುಟಿಯಲ್ಲಿ, ಡಮರು ಶಿವನ ಮುಷ್ಟಿಯಲ್ಲಿ ಇರುವುದರಿಂದ ಅವುಗಳ ಕುಲೀನತೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ನಾಗಸ್ವರಕ್ಕೆ ದೇವಾಲಯದ ಅಂಗಳವುಂಟು. ನಮ್ಮ ಸೀಮೆಯ ಸನಾದಿಗೆ ಮದುವೆಯ ಹಂದರವುಂಟು. ಈ ವಂಶಾವಳಿಯಲ್ಲಿ ಎಲ್ಲಿಯೂ ಸೇರದೆ ಹೊರಗೆ ಉಳಿದದ್ದು ಬ್ಯಾಂಡಿನ ವಾದ್ಯ. ಅದಕ್ಕೆ ಪುರಾಣವಿಲ್ಲ, ಶಾಸ್ತ್ರವಿಲ್ಲ. ಅದು ಬೀದಿಯಲ್ಲಿ ಬಂದು ಬೀದಿಯಲ್ಲಿಯೇ ಹೋಗುತ್ತದೆ.

ನಾನಿರುವುದು ಬೀದರಿನ ನೌಬಾದದಲ್ಲಿ. ಲಗ್ನದ ಕಾಲದಲ್ಲಿ ಇಲ್ಲಿಯ ರಸ್ತೆಗಳಲ್ಲಿ ಬ್ಯಾಂಡ್ ಬಾಜಾದ ಸದ್ದು ಕೇಳದ ಸಂಜೆ ವಿರಳ. ಜನ ಕುದುರೆಯ ಮೇಲಿನ ವರನನ್ನು ನೋಡುತ್ತಾರೆ, ಬೀಗರ ಉಡುಗೆಯನ್ನು ನೋಡುತ್ತಾರೆ, ಪಟಾಕಿಯನ್ನು ನೋಡುತ್ತಾರೆ. ಮುಂದೆ ನಿಂತು ಕೆನ್ನೆಯುಬ್ಬಿಸಿ ಊದುವವನ ಮುಖವನ್ನು ನೋಡುವವರು ಕಡಿಮೆ. ಗಾಯಕನ ಹೆಸರನ್ನು ಕೇಳಿ ತಿಳಿದುಕೊಳ್ಳುವ ನಾವು, ವೀಣೆಯವರ ಗುರುಪರಂಪರೆಯನ್ನು ವಿಚಾರಿಸುವ ನಾವು, ಬ್ಯಾಂಡಿನಲ್ಲಿ ಕಾರ್ನೆಟ್ ಊದಿದವರು ಯಾರೆಂದು ಎಂದಾದರೂ ಕೇಳಿದ್ದೇವೆಯೆ? ಕೇಳುವ ಪದ್ಧತಿಯೇ ನಮ್ಮಲ್ಲಿ ಬೆಳೆದಿಲ್ಲ. ಗುಂಪಿನಲ್ಲಿ ಗೋವಿಂದ ಎಂಬಂತೆ ಆ ವಾದಕನ ಉಸಿರು ಎಲ್ಲರ ಉಸಿರಿನೊಳಗೆ ಬೆರೆತು ಕರಗಿಹೋಗುತ್ತದೆ.

ಗುಂಪಿಗಾಗಿ ಹುಟ್ಟಿದ ವಾದ್ಯವೊಂದು ಒಬ್ಬನೇ ಒಬ್ಬ ಮನುಷ್ಯನ ಕಂಠವಾಗಬಲ್ಲುದೆ? ಆಗಬೇಕಾದರೆ ಆ ಮನುಷ್ಯ ತೆರಬೇಕಾದ ಬೆಲೆಯೇನು? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿಯೇ ನಮಗೊಂದು ಉತ್ತರ ದೊರೆತಿದೆ. ಆ ಉತ್ತರದ ಹೆಸರು ಕದ್ರಿ ಗೋಪಾಲನಾಥ್. ಅವರ ಜೀವನದ ಕಡೆಗೆ ಹೋಗುವ ಮುನ್ನ ಬ್ಯಾಂಡ್ ಎಂಬ ಸಂಸ್ಥೆಯನ್ನೂ, ಅದರೊಳಗಿಂದ ಒಂಟಿ ವಾದಕನೊಬ್ಬ ಎದ್ದುಬಂದ ಬಗೆಯನ್ನೂ ಸ್ವಲ್ಪ ನೋಡೋಣ.

ಊದುವ ಮತ್ತು ಬಾರಿಸುವ ವಾದ್ಯಗಳ ಮೇಳ ನಮಗೆ ಹೊಸದೇನಲ್ಲ. ಕೋಟೆಯ ಬಾಗಿಲ ಮೇಲೆ, ದರ್ಗಾದ ಮುಂಗಟ್ಟಿನಲ್ಲಿ, ದೇವಾಲಯದ ಮಹಾದ್ವಾರದಲ್ಲಿ ನೌಬತ್ತು ಮೊಳಗುತ್ತಿದ್ದ ಕಾಲವೊಂದಿತ್ತು. ನಗಾರಿಯೂ ಸನಾದಿಯೂ ಸೇರಿ ಊರಿಗೆ ಹೊತ್ತು ತಿಳಿಸುತ್ತಿದ್ದವು. ಅರಸನ ಇರವನ್ನು ಸಾರುತ್ತಿದ್ದವು. ಬ್ರಿಟಿಷರ ದಂಡಿನೊಡನೆ ಹಿತ್ತಾಳೆಯ ವಾದ್ಯಗಳು ಬಂದಾಗ ನಮ್ಮ ಸಂಸ್ಥಾನಿಕರು ಅವನ್ನು ಬೇಗನೆ ಒಪ್ಪಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು. ಅರಮನೆಯ ಮುಂದೆ ಮೇಳವೊಂದು ಮೊಳಗಬೇಕೆಂಬ ಭಾವನೆ ಮೊದಲೇ ಇತ್ತು. ಮೇಳ ಬದಲಾಯಿತು, ಭಾವನೆ ಹಾಗೆಯೇ ಉಳಿಯಿತು.

ಪಶ್ಚಿಮದಲ್ಲಿ ಇದೇ ದಂಡಿನ ಬ್ಯಾಂಡು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕವಾಯತಿನ ಬಯಲನ್ನು ಬಿಟ್ಟು ಸಭಾಂಗಣವನ್ನು ಹೊಕ್ಕಿತು. ಅಮೆರಿಕದಲ್ಲಿ ಜಾನ್ ಫಿಲಿಪ್ ಸೂಸಾ 1892ರಲ್ಲಿ ಕಟ್ಟಿದ ತಂಡ ಇದಕ್ಕೆ ದೊಡ್ಡ ನಿದರ್ಶನ. ಜನ ಟಿಕೆಟು ಕೊಂಡು ಕುಳಿತು ಬ್ಯಾಂಡನ್ನು ಕೇಳತೊಡಗಿದರು. ಆ ಕಾರ್ಯಕ್ರಮಗಳಲ್ಲಿ ಜನರ ಕಣ್ಮಣಿಯೆಂದರೆ ಕಾರ್ನೆಟ್ ವಾದಕ. ಇಡೀ ತಂಡ ಹಿಂದೆ ಸರಿದು ಮೆಲ್ಲನೆ ನುಡಿಯುತ್ತಿದ್ದರೆ ಆತ ಒಬ್ಬನೇ ಎದ್ದು ನಿಂತು, ಗಾಯಕನಂತೆ ಹಾಡನ್ನು ಎತ್ತಿ, ಅದರ ಮೇಲೆ ಒಂದಕ್ಕಿಂತ ಒಂದು ಕಠಿನವಾದ ಅಲಂಕಾರಗಳನ್ನು ಹೆಣೆಯುತ್ತಿದ್ದ.

ಅಂಥವರಲ್ಲಿ ಹರ್ಬರ್ಟ್ ಎಲ್. ಕ್ಲಾರ್ಕ್ ಎಂಬಾತನ ಹೆಸರು ಇಂದಿಗೂ ಆ ವಾದ್ಯ ಕಲಿಯುವವರೆಲ್ಲರ ಬಾಯಲ್ಲಿದೆ. ಆತ ಹುಟ್ಟಿದ್ದು 1867ರಲ್ಲಿ, ಮ್ಯಾಸಚೂಸೆಟ್ಸ್ ಪ್ರಾಂತದ ವೊಬರ್ನ್ ಎಂಬ ಊರಿನಲ್ಲಿ. ತಂದೆ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಹುಡುಗ ಅಣ್ಣನ ಕಾರ್ನೆಟ್ಟನ್ನು ಹಿಡಿದು ಕಲಿತ. ಮುಂದೆ ಟೊರಾಂಟೊ ನಗರದಲ್ಲಿ, ಹದಿನಾಲ್ಕು ವಯಸ್ಸಿನ ಸುಮಾರಿಗೆ, ಸೈನ್ಯದ ತುಕಡಿಯೊಂದರ ಬ್ಯಾಂಡನ್ನು ಸೇರಿದ. ಸೇರಿದ್ದು ಸರ್ಕಾರದ ಕಾರ್ನೆಟ್ ಕೈಗೆ ಬರುತ್ತದೆಂಬ ಆಸೆಯಿಂದ! 1893ರಲ್ಲಿ ಸೂಸಾ ತಂಡಕ್ಕೆ ಬಂದು, ನಡುನಡುವೆ ಬಿಟ್ಟುಹೋಗಿ ಮರಳಿ ಬಂದು, 1917ರಲ್ಲಿ ಐವತ್ತರ ವಯಸ್ಸಿಗೆ ಆ ಮುಖ್ಯವಾದಕನ ಸ್ಥಾನವನ್ನು ತಾನಾಗಿಯೇ ತೆರವು ಮಾಡಿದ. 1911ರಲ್ಲಿ ಆ ತಂಡ ಇಂಗ್ಲೆಂಡ್, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳನ್ನು ಸುತ್ತಿ ಬಂದಾಗ ಆತನೂ ಜೊತೆಗಿದ್ದ. ಉಸಿರನ್ನು ಹಿಡಿತಕ್ಕೆ ತರುವ ಸಾಧನೆಯ ಪಾಠಗಳನ್ನು ಆತ 1912ರಲ್ಲಿ ಪುಸ್ತಕವಾಗಿ ಅಚ್ಚು ಮಾಡಿಸಿದ. ನೂರು ವರ್ಷ ದಾಟಿದರೂ ಅದು ಬಳಕೆಯಲ್ಲಿದೆ. ತುತ್ತೂರಿ ಊದುವವನ ಹೆಸರನ್ನು ಹೇಳಿ ಜನ ಟಿಕೆಟು ಕೊಂಡರೆಂಬುದೇ ಆತನ ಜೀವನದ ಸಾರ. ಅಲ್ಲಿ ಬ್ಯಾಂಡು ಗುಂಪಾಗಿದ್ದೂ ವ್ಯಕ್ತಿಗೆ ಎಡೆಮಾಡಿಕೊಟ್ಟಿತು.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಏನಾದರೂ ನಡೆದಿದ್ದರೆ ಅದು ಮೈಸೂರಿನಲ್ಲಿ. 1902ರಿಂದ 1940ರವರೆಗೆ ರಾಜ್ಯವಾಳಿದ ನಾಲ್ವಡಿ ಕೃಷ್ಣರಾಜ ಒಡೆಯರು ಹಲವು ವಾದ್ಯಗಳನ್ನು ತಾವೇ ನುಡಿಸಬಲ್ಲವರಾಗಿದ್ದರು. ಅವರ ಆಸ್ಥಾನದಲ್ಲಿ ಪಾಶ್ಚಾತ್ಯ ವಾದ್ಯವೃಂದವೊಂದು, ಕರ್ನಾಟಕ ವಾದ್ಯವೃಂದವೊಂದು ಅಕ್ಕಪಕ್ಕದಲ್ಲಿ ಬೆಳೆದವು. ಪಾಶ್ಚಾತ್ಯ ವೃಂದಕ್ಕೆ ಆಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರ ದಿಗ್ದರ್ಶಕನಾಗಿದ್ದ. ಕರ್ನಾಟಕ ವೃಂದಕ್ಕಾಗಿ ವೈಣಿಕ ವೆಂಕಟಗಿರಿಯಪ್ಪನವರು ‘ನಗ್ಮಾ’ ಎಂಬ ಹೊಸ ಬಗೆಯ ರಚನೆಗಳನ್ನೇ ಮಾಡಿದರು. ಮುಂದೆ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಸಂಗೀತ ಸಂಘದ ಮೊದಲ ಅಧ್ಯಕ್ಷರಾದದ್ದು ಇದೇ ವಾತಾವರಣದ ಫಲ. ಕ್ಲ್ಯಾರಿನೆಟ್, ಸ್ಯಾಕ್ಸೊಫೋನುಗಳು ನಾಗಸ್ವರದ ಪಕ್ಕದಲ್ಲಿ ಕುಳಿತು ತ್ಯಾಗರಾಜರ ಕೃತಿಗಳನ್ನು ನುಡಿಸಬಹುದೆಂಬುದು ಮೈಸೂರಿನ ಜನಕ್ಕೆ ವಿಚಿತ್ರವಾಗಿ ತೋರಲಿಲ್ಲ. ಸಂಸ್ಥಾನ ಮುಗಿದ ಮೇಲೆ ಆ ಬ್ಯಾಂಡು ಪೊಲೀಸ್ ಇಲಾಖೆಯ ಆಶ್ರಯಕ್ಕೆ ಬಂತು. ದಸರೆಯಲ್ಲಿ ಅದರ ದನಿ ಇಂದಿಗೂ ಕೇಳುತ್ತದೆ.

ಆದರೆ ಅರಮನೆಯ ಬ್ಯಾಂಡಿನಲ್ಲಿಯೂ ವಾದಕ ವೃಂದದ ಒಬ್ಬ ಮಾತ್ರ. ಸಾಲಿನಲ್ಲಿ ಅವನಿಗೊಂದು ಕುರ್ಚಿ, ಸಮವಸ್ತ್ರ, ಸಂಬಳ. ಕರ್ನಾಟಕ ಸಂಗೀತದ ಕಚೇರಿಯೆಂದರೆ ಬೇರೆಯೇ ಒಂದು ಪರೀಕ್ಷೆ. ಅಲ್ಲಿ ಮುಂದೆ ಬರೆದಿಟ್ಟ ಕಾಗದವಿಲ್ಲ. ರಾಗವನ್ನು ಒಬ್ಬನೇ ಹುಡುಕಬೇಕು, ಒಬ್ಬನೇ ಕಟ್ಟಬೇಕು. ಮೃದಂಗದೊಡನೆ ಲೆಕ್ಕ ಹಾಕಬೇಕು. ಎರಡು ಮೂರು ಗಂಟೆ ಸಭೆಯನ್ನು ಹಿಡಿದಿಡಬೇಕು. ಆ ಪರೀಕ್ಷೆಗೆ ಬ್ಯಾಂಡಿನ ವಾದ್ಯವನ್ನು ಕೂಡಿಸಿದವರು ಅರಮನೆಯ ಒಳಗಿನವರಾಗಿರದೆ, ಕರಾವಳಿಯಿಂದ ಬಂದು ಅದನ್ನು ಕೇಳಿ ಬೆರಗಾದ ಒಬ್ಬ ಹುಡುಗನಾಗಿದ್ದ.

ಗೋಪಾಲನಾಥರು ಹುಟ್ಟಿದ್ದು 1949ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೆ ಮೊದಲ ಗುರು ತಂದೆಯೇ, ಮೊದಲ ವಾದ್ಯ ನಾಗಸ್ವರವೇ. ಮೈಸೂರಿಗೆ ಹೋದಾಗ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು, ಅದರ ದನಿಗೆ ಮನಸೋತು, ಇದನ್ನೇ ಕಲಿಯುತ್ತೇನೆಂದು ಹಟ ಹಿಡಿದರು. ಆ ಹಟ ಸಾಧನೆಯಾಗಿ ಹಣ್ಣಾಗಲು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು. ಇಪ್ಪತ್ತು ವರ್ಷ! ನಾಗಸ್ವರವನ್ನೇ ಮುಂದುವರಿಸಿದ್ದರೆ ಅಷ್ಟರಲ್ಲಿ ಅವರು ಹೆಸರುವಾಸಿಯಾಗಿರುತ್ತಿದ್ದರು. ಕೈಗೆ ಬಂದ ಕುಲವಿದ್ಯೆಯನ್ನು ಬದಿಗಿಟ್ಟು, ಅದೇ ಸಂಗೀತಕ್ಕೆ ಒಗ್ಗದ ವಾದ್ಯವೊಂದನ್ನು ಒಗ್ಗಿಸುತ್ತೇನೆಂದು ಯೌವನವನ್ನೆಲ್ಲ ಕಳೆಯುವುದು ಸಾಮಾನ್ಯ ಧೈರ್ಯವಲ್ಲ.

ಆ ವಾದ್ಯ ಒಗ್ಗದ್ದೇಕೆ? ಇದನ್ನು ತಿಳಿಯದೆ ಅವರ ಸಾಧನೆ ತಿಳಿಯುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮೊದಲು ಕಾರ್ನೆಟ್ಟನ್ನು ತೆಗೆದುಕೊಳ್ಳಿ. ಅದು ಸುತ್ತಿಟ್ಟ ಹಿತ್ತಾಳೆಯ ಕೊಳವೆ. ಬಟ್ಟಲಿನಂಥ ಅದರ ಬಾಯಿಗೆ ತುಟಿಗಳನ್ನೊತ್ತಿ ನಡುಗಿಸಿದರೆ ದನಿ ಹುಟ್ಟುತ್ತದೆ. ನಮ್ಮ ಕೊಂಬು ಕಹಳೆಗಳ ಕ್ರಮವೂ ಇದೇ. ಒಂದೇ ಉದ್ದದ ಕೊಳವೆಯಿಂದ ಎಲ್ಲ ಸ್ವರಗಳೂ ಬರುವುದಿಲ್ಲ. ದೂರದೂರದ ಕೆಲವು ಸಹಜ ಸ್ವರಗಳಷ್ಟೇ ಬರುತ್ತವೆ. ನಡುವಿನ ಸ್ವರಗಳಿಗಾಗಿ ಮೂರು ಗುಂಡಿಗಳನ್ನಿಟ್ಟರು. ಒಂದೊಂದು ಗುಂಡಿಯನ್ನೊತ್ತಿದಾಗಲೂ ಗಾಳಿ ಇನ್ನೊಂದು ಸಣ್ಣ ಸುತ್ತನ್ನು ಹಾದು ಬರುತ್ತದೆ. ಕೊಳವೆ ಅಷ್ಟು ಉದ್ದವಾಗಿ ಸ್ವರ ಇಳಿಯುತ್ತದೆ. ನಡುವಿನ ಗುಂಡಿ ಅರ್ಧ ಸ್ವರ, ಮೊದಲಿನದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಮೂರನ್ನೂ ಕೂಡಿಸಿ ಬಿಡಿಸಿ ಏಳು ಉದ್ದಗಳು. ಚಾತುರ್ಯದ ಏರ್ಪಾಡೇನೋ ಹೌದು. ಆದರೆ ಗುಂಡಿ ಒತ್ತಿದೆ ಅಥವಾ ಬಿಟ್ಟಿದೆ. ನಡುವೆ ನಿಲ್ಲಿಸಿದರೆ ಗಾಳಿಯ ದಾರಿ ಕಟ್ಟಿ ದನಿ ಉಸಿರುಗಟ್ಟಿದಂತಾಗುತ್ತದೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರುವುದರಲ್ಲಿ ಕಾರ್ನೆಟ್ಟಿಗೆ ಸಮನಿಲ್ಲ. ಮೆಟ್ಟಿಲಿಲ್ಲದ ಇಳಿಜಾರಿನಲ್ಲಿ ಜಾರುವುದು ಅದಕ್ಕೆ ಕಷ್ಟ.

ನಮ್ಮ ಸಂಗೀತವಾದರೋ ಇಳಿಜಾರಿನದು. ತೋಡಿಯ ಗಾಂಧಾರವನ್ನು ನೆನೆಯಿರಿ. ಅದು ಒಂದೆಡೆ ನಿಂತ ಸ್ವರವೇ ಅಲ್ಲ. ಕೆಳಗಿನಿಂದ ತೂಗಿ ಮೇಲಕ್ಕೆ ಹೋಗಿ ಮತ್ತೆ ತೂಗುವ ಒಂದು ಚಲನೆ. ಆ ತೂಗಾಟವನ್ನು ತೆಗೆದುಹಾಕಿ ಸ್ವರವನ್ನು ಗೂಟ ಹೊಡೆದಂತೆ ನಿಲ್ಲಿಸಿದರೆ ಉಳಿಯುವುದು ತೋಡಿಯಲ್ಲ. ಗಮಕವೆಂಬುದು ಸ್ವರಕ್ಕೆ ತೊಡಿಸಿದ ಒಡವೆಯಲ್ಲ. ಅದು ಸ್ವರದ ನಡೆ. ಹಾರ್ಮೋನಿಯಂ ಪೆಟ್ಟಿಗೆಯನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟದ್ದು, ಸುಮಾರು ಮೂವತ್ತು ವರ್ಷ ಹೊರಗೇ ಇಟ್ಟದ್ದು ಇದೇ ಆಕ್ಷೇಪದಿಂದ. ಅದರ ಸ್ವರಗಳು ಅಚಲ, ರಾಗ ಚಲ. ಬ್ಯಾಂಡಿನ ವಾದ್ಯಗಳ ಮೇಲಿದ್ದ ಗುಮಾನಿಯೂ ಇದೇ. ಅದು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಕಿವಿಯ ಅನುಭವವೂ ಇತ್ತು.

ಇನ್ನು ಸ್ಯಾಕ್ಸೊಫೋನ್. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ಇದನ್ನು ರೂಪಿಸಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ. ದಂಡಿನ ಬ್ಯಾಂಡಿನಲ್ಲಿ ಹಿತ್ತಾಳೆಯ ಕಹಳೆಗಳಿಗೂ ಮರದ ಕೊಳವೆಗಳಿಗೂ ಸೇತುವಾಗಬಲ್ಲ ದನಿಯೊಂದು ಬೇಕೆಂಬುದು ಅವನ ಉದ್ದೇಶ. ಮೈ ಹಿತ್ತಾಳೆಯದು; ಆದರೆ ದನಿ ಹುಟ್ಟುವುದು ತುಟಿಯ ನಡುಕದಿಂದಲ್ಲ, ಬಾಯಿಗಿಡುವ ತುದಿಗೆ ಕಟ್ಟಿದ ಜೊಂಡಿನ ತೆಳುವಾದ ಸೀಳಿನಿಂದ. ಕೊಳವೆಯ ಮೈಯುದ್ದಕ್ಕೂ ರಂಧ್ರಗಳು, ರಂಧ್ರಗಳ ಮೇಲೆ ಮುಚ್ಚಳಗಳು, ಮುಚ್ಚಳಗಳಿಗೆ ಕೀಲಿಗಳು.

ಬೀದರಿನ ಕೇಳುಗರಿಗೆ ಇದನ್ನು ವಿವರಿಸಲು ನನಗೊಂದು ಸುಲಭವಾದ ಹೋಲಿಕೆಯಿದೆ. ನಮ್ಮ ನೌಬಾದದ ಸುರಂಗ ಬಾವಿಯನ್ನು ಅನೇಕರು ನೋಡಿರಬಹುದು. ಕೆಮ್ಮಣ್ಣುಗಲ್ಲಿನೊಳಗೆ ಕೊರೆದ, ದೂರದವರೆಗೆ ಸಾಗುವ ನೀರಿನ ಸುರಂಗ. ಅದರ ಉದ್ದಕ್ಕೂ ನೆಲದಿಂದ ಇಳಿದ ಗಾಳಿಬಾಯಿಗಳು. ಸ್ಯಾಕ್ಸೊಫೋನನ್ನು ಅಂಥದೊಂದು ಸುರಂಗವೆಂದು ಭಾವಿಸಿ. ಒಳಗೆ ನಡೆದುಬರುವ ನಾದ ಮೊದಲು ಎದುರಾದ ತೆರೆದ ಬಾಯಿಯಲ್ಲಿಯೇ ಹೊರಬೀಳುತ್ತದೆ. ಸ್ವರದ ಮಟ್ಟಿಗೆ ಕೊಳವೆ ಅಲ್ಲಿಗೇ ಮುಗಿಯಿತು. ಹತ್ತಿರದ ಬಾಯಿ ತೆರೆದರೆ ಏರುಸ್ವರ, ದೂರದ್ದು ತೆರೆದರೆ ಇಳಿಸ್ವರ. ಕೊಳಲು, ನಾಗಸ್ವರಗಳಲ್ಲಿಯೂ ತತ್ತ್ವ ಇದೇ. ವ್ಯತ್ಯಾಸವಿರುವುದು ಮುಚ್ಚುವ ಬಗೆಯಲ್ಲಿ. ನಾಗಸ್ವರದವರ ಬೆರಳು ನೇರವಾಗಿ ರಂಧ್ರದ ಮೇಲಿರುತ್ತದೆ. ಕಾಲುಭಾಗ, ಅರೆಭಾಗ ತೆರೆದು ಸ್ವರವನ್ನು ಜಾರಿಸಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಯೂ ಮುಚ್ಚಳವೂ ಬಂದವು. ಬೆರಳಿನ ಮಾತು ನಾದಕ್ಕೆ ನೇರವಾಗಿ ಮುಟ್ಟುವುದಿಲ್ಲ. ದುಭಾಷಿಯ ಮೂಲಕ ಮುಟ್ಟುತ್ತದೆ.

ಆದರೂ ಈ ವಾದ್ಯದಲ್ಲಿ ನಮಗೆ ಬೇಕಾದ ಎರಡು ಗುಣಗಳು ಅಡಗಿದ್ದವು. ಜೊಂಡಿನ ಸೀಳು ಮೆತುವಾದದ್ದು. ತುಟಿಯ ಒತ್ತಡವನ್ನೂ ಗಂಟಲಿನ ಆಕಾರವನ್ನೂ ಸ್ವಲ್ಪ ಬದಲಿಸಿದರೆ ಸ್ವರ ಬಾಗುತ್ತದೆ, ಜಾರುತ್ತದೆ. ಜಾಜ್ ಸಂಗೀತದವರು ಈ ಗುಣವನ್ನು ಕಂಡುಕೊಂಡೇ ಅದನ್ನು ಅಳಿಸಿದರು, ನಗಿಸಿದರು. ಎರಡನೆಯದು ಕೊಳವೆಯ ಆಕಾರ. ಕ್ಲ್ಯಾರಿನೆಟ್ಟಿನ ಕೊಳವೆ ಬಹುಮಟ್ಟಿಗೆ ಒಂದೇ ಅಗಲದ್ದು. ಅದನ್ನು ಬಿರುಸಾಗಿ ಊದಿದರೆ ಸ್ವರ ಒಂದು ಸ್ಥಾಯಿಯನ್ನು ದಾಟಿ ಮೇಲಣ ಪಂಚಮಕ್ಕೆ ನೆಗೆಯುತ್ತದೆ. ಹೀಗಾಗಿ ಮೇಲಕ್ಕೂ ಕೆಳಕ್ಕೂ ಬೆರಳ ಲೆಕ್ಕ ಬೇರೆ ಬೇರೆ. ಸ್ಯಾಕ್ಸೊಫೋನ್ ತುದಿಯಿಂದ ಬುಡಕ್ಕೆ ಅಗಲವಾಗುತ್ತ ಹೋಗುವ ಕೊಳವೆ. ಅದು ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ನೆಗೆಯುತ್ತದೆ, ಅದೇ ಬೆರಳುಗಳು ಮುಂದಿನ ಸ್ಥಾಯಿಗೂ ಒದಗುತ್ತವೆ. ನಮ್ಮ ನಾಗಸ್ವರವೂ ಇದೇ ಜಾತಿಯ ಕೊಳವೆ! ನಾಗಸ್ವರದ ಮನೆಯ ಹುಡುಗನಿಗೆ ಪರದೇಶದ ಆ ಹಿತ್ತಾಳೆಯ ಕೊಳವೆಯಲ್ಲಿ ಬಂಧುವಿನ ದನಿ ಕೇಳಿಸಿದ್ದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ.

ಬಂಧುತ್ವ ಕೇಳಿಸಿದ್ದು ಒಂದು ಕ್ಷಣದಲ್ಲಿ. ಅದನ್ನು ಸಭೆಗೆ ಕೇಳಿಸಲು ಬೇಕಾದದ್ದು ಇಪ್ಪತ್ತು ವರ್ಷ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಗೋಪಾಲನಾಥರು ಪಾಠ ಮಾಡಿದರು. ಮುಂದೆ ಮದರಾಸಿನಲ್ಲಿ, ಹಾಡುಗಾರರೂ ಮೃದಂಗ ವಿದ್ವಾಂಸರೂ ಆದ ಟಿ. ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ ದೊರೆಯಿತು. ಗಮನಿಸಬೇಕಾದ ಸಂಗತಿಯೆಂದರೆ, ಈ ಗುರುಗಳು ಕಲಿಸಿದ್ದು ಸಂಗೀತವನ್ನು. ಕರ್ನಾಟಕ ಪದ್ಧತಿಯಲ್ಲಿ ಆ ವಾದ್ಯವನ್ನು ನುಡಿಸುವ ಕ್ರಮಕ್ಕೆ ಪಠ್ಯವಿರಲಿಲ್ಲ. ಕ್ಲಾರ್ಕನಿಗೆ ಹಿಂದಿನವರು ಹಾಕಿಕೊಟ್ಟ ಹಾದಿಯಿತ್ತು; ಇವರು ಕಂಠದಲ್ಲಿ ಕೇಳಿದ್ದನ್ನು, ನಾಗಸ್ವರದಲ್ಲಿ ಬೆರಳು ಬಲ್ಲದ್ದನ್ನು, ಕೀಲಿಗಳ ಮೇಲೆ ಒಂದೊಂದಾಗಿ ತಾವೇ ಹುಡುಕಬೇಕಾಯಿತು. ಯಾವ ಗಮಕ ತುಟಿಯದು, ಯಾವುದು ಬೆರಳಿನದು, ಯಾವುದು ಉಸಿರಿನದು ಎಂಬ ಹಂಚಿಕೆಯನ್ನು ತಾವೇ ಮಾಡಬೇಕಾಯಿತು.

ಪರದೇಶದ ವಾದ್ಯ ನಮ್ಮ ಸಂಗೀತಕ್ಕೆ ಬಂದದ್ದು ಇದೇ ಮೊದಲಲ್ಲವೆಂದು ತಿಳಿದವರು ಹೇಳಿಯಾರು. ನಿಜ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿಗಳು ಪಿಟೀಲನ್ನು ಕಲಿತು ನಮ್ಮದಾಗಿಸಿದವರು. ಕ್ಲ್ಯಾರಿನೆಟ್ಟನ್ನು ತಮಿಳುನಾಡಿನ ಎ. ಕೆ. ಸಿ. ನಟರಾಜನ್ ಕಚೇರಿಯ ವಾದ್ಯವಾಗಿಸಿದರು. ಆದರೆ ಪಿಟೀಲಿನಲ್ಲಿ ಬೆರಳಿಗೂ ತಂತಿಗೂ ನಡುವೆ ಯಾರೂ ಇಲ್ಲ. ಜಾರು ಅದರ ಹುಟ್ಟುಗುಣ. ಕೀಲಿಗಳ ದಟ್ಟಣೆಯಲ್ಲಿ ಸಿಕ್ಕ ವಾದ್ಯದ ಕಥೆ ಬೇರೆ. ಅದೂ ಅಲ್ಲದೆ ಪಿಟೀಲು ಬಹುಕಾಲ ಹಾಡುಗಾರನ ಪಕ್ಕದಲ್ಲಿ ವಿನಯದಿಂದ ಕುಳಿತು ತನ್ನ ಸ್ಥಾನವನ್ನು ಸಂಪಾದಿಸಿತು. ಸ್ಯಾಕ್ಸೊಫೋನಿಗೆ ಅಂಥ ಉಮೇದುವಾರಿಯ ಅವಕಾಶವೇ ಇರಲಿಲ್ಲ. ಬಂದರೆ ವೇದಿಕೆಯ ನಡುವೆಯೇ ಬರಬೇಕು.

1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿಯವರೊಡನೆ ಗೋಪಾಲನಾಥರು ವೇದಿಕೆ ಹಂಚಿಕೊಂಡರು. ಹ್ಯಾಂಡಿ ಅದಕ್ಕೆ ಮೊದಲೇ ಸರೋದಿನ ಅಲಿ ಅಕ್ಬರ್ ಖಾನರೊಡನೆ ನುಡಿಸಿ ನಮ್ಮ ಸಂಗೀತದ ಪರಿಚಯ ಪಡೆದಿದ್ದವರು. ಒಂದೇ ವಾದ್ಯ, ಎರಡು ಲೋಕ. ಆ ವಾದ್ಯವನ್ನು ತಮ್ಮದೆಂದು ತಿಳಿದವರೇ ಅದರೊಳಗೆ ಇನ್ನೊಂದು ಭಾಷೆ ಹುದುಗಿರುವುದನ್ನು ಅಂದು ಕೇಳಿದರು. ಅಲ್ಲಿಂದ ಮುಂದೆ ಅವರ ವೃತ್ತಿಜೀವನ ಬೇಗಬೇಗನೆ ಅರಳಿತು. ಪಿಟೀಲಿನ ಎ. ಕನ್ಯಾಕುಮಾರಿಯವರೊಡನೆ ಅವರ ಜೋಡಿ ಹೆಸರಾಯಿತು. ಯೂರೋಪಿನ ಉತ್ಸವಗಳಿಗೆ ಕರೆ ಬಂತು. 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ. ನಡೆಸುವ ಪ್ರೊಮೆನೇಡ್ ಸಂಗೀತೋತ್ಸವಕ್ಕೆ ಆಹ್ವಾನಿತರಾದ ಮೊದಲ ಕರ್ನಾಟಕ ಸಂಗೀತ ಕಲಾವಿದರೆಂಬ ಗೌರವ ಅವರದಾಯಿತು. ಅದೇ ವರ್ಷ ತೆರೆಕಂಡ ‘ಡ್ಯುಯೆಟ್’ ಎಂಬ ತಮಿಳು ಚಿತ್ರದಲ್ಲಿ ಎ. ಆರ್. ರೆಹಮಾನರ ಸಂಗೀತದಲ್ಲಿ ಅವರ ವಾದನ ಮನೆಮನೆಗೆ ಮುಟ್ಟಿತು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 2004ರಲ್ಲಿ ಪದ್ಮಶ್ರೀಯೂ ಬಂದವು. 2008ರಲ್ಲಿ ಭಾರತೀಯ ಮೂಲದ ಅಮೆರಿಕನ್ ಜಾಜ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಹೊರಬಂತು. ಆ ಹೆಸರಿಗೆ ‘ಬಂಧುಗಳು’ ಎಂದರ್ಥ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡಾಗ, ಒಂದು ಕಾಲಕ್ಕೆ ಸಭೆಗಳು ಅನುಮಾನದಿಂದ ನೋಡಿದ್ದ ಆ ವಾದ್ಯವನ್ನು ಅವರ ಹೆಸರಿನಿಂದ ಬೇರ್ಪಡಿಸಿ ಹೇಳುವುದೇ ಸಾಧ್ಯವಿರಲಿಲ್ಲ.

ಈ ಯಶಸ್ಸಿಗೆ ಇನ್ನೊಂದು ಮುಖವೂ ಇದೆ. ಕರಾವಳಿಯ ದೇವಾಲಯಗಳಲ್ಲಿ, ಮದುವೆಗಳಲ್ಲಿ ಈಗ ಸ್ಯಾಕ್ಸೊಫೋನ್ ಸರ್ವೇಸಾಮಾನ್ಯ. ಹೆಣ್ಣುಮಕ್ಕಳೂ ಅದನ್ನು ಕಲಿತು ಕಚೇರಿ ಮಾಡುತ್ತಿದ್ದಾರೆ. ಇದು ಸಂತೋಷದ ಮಾತು. ಆದರೆ ಎಷ್ಟೋ ಕಡೆ ಅದು ಕುಳಿತಿರುವುದು ನಾಗಸ್ವರ ಎದ್ದುಹೋದ ಸ್ಥಳದಲ್ಲಿ. ತಂದೆಯ ವಾದ್ಯದಿಂದ ಗಮಕವನ್ನು ಎರವಲು ತಂದು ಗೋಪಾಲನಾಥರು ಹೊಸ ವಾದ್ಯಕ್ಕೆ ಜೀವ ತುಂಬಿದರು. ಹೊಸತನ್ನು ಮೊದಲಿನಿಂದಲೇ ಹಿಡಿಯುವ ಹುಡುಗರಿಗೆ ಆ ಗಮಕದ ಮೂಲ ಎಲ್ಲಿ ಸಿಗಬೇಕು? ತೊರೆಯನ್ನು ತಂದ ಮೇಲೆ ಊಟೆಯನ್ನು ಮುಚ್ಚಿದರೆ ನೀರು ಎಷ್ಟು ದಿನ ಹರಿದೀತು? ನಾಗಸ್ವರ ಉಳಿಯಬೇಕಾದದ್ದು ಹಳೆಯದರ ಮೇಲಿನ ಮೋಹಕ್ಕಲ್ಲ. ಸ್ಯಾಕ್ಸೊಫೋನಿನ ಹಿತಕ್ಕೇ ಅದು ಉಳಿಯಬೇಕು.

ನಮ್ಮ ಉತ್ತರದ ಸೀಮೆಗೆ ಇದರಿಂದ ಕಲಿಯಬೇಕಾದ ಪಾಠವೊಂದುಂಟೆಂದು ನಾನು ತಿಳಿದಿದ್ದೇನೆ. 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರ ಬಂದಾಗ, ರಾಜಕುಮಾರರ ಅಭಿನಯಕ್ಕೆ ಬಿಸ್ಮಿಲ್ಲಾ ಖಾನರ ಶಹನಾಯಿ ಕೂಡಿದಾಗ, ಹಳ್ಳಿಯ ಊದುವವನಿಗೂ ಒಂದು ಅಂತರಂಗವಿದೆಯೆಂಬುದನ್ನು ಕನ್ನಡಿಗರು ಕಣ್ಣೀರಿಟ್ಟು ಒಪ್ಪಿದರು. ಚಿತ್ರಮಂದಿರದಲ್ಲಿ ಒಪ್ಪಿದ್ದನ್ನು ಬೀದಿಯಲ್ಲಿ ಮರೆತೆವು. ಬೀದರ, ಭಾಲ್ಕಿ, ಔರಾದದ ಮದುವೆಗಳಲ್ಲಿ ಊದುವವರಿಗೆ ಕೂಲಿ ಸಲ್ಲುತ್ತದೆ, ಕಿವಿ ಸಲ್ಲುವುದಿಲ್ಲ. ಅವರಲ್ಲಿ ಎಲ್ಲರೂ ಗೋಪಾಲನಾಥರಾಗುವವರೆಂದು ನಾನು ಹೇಳುತ್ತಿಲ್ಲ. ಆದರೆ ಯಾರೋ ಒಬ್ಬ ಆಗಬಲ್ಲವನಿದ್ದರೆ ಅದು ಅವನಿಗೇ ತಿಳಿಯುವುದು ಹೇಗೆ? ಕ್ಲಾರ್ಕನ ಹಿಂದೆ ಒಬ್ಬನನ್ನು ಮುಂದೆ ನಿಲ್ಲಿಸಿ ತಾನು ಮೆಲ್ಲನೆ ನುಡಿಯುವ ಬ್ಯಾಂಡಿತ್ತು. ಗೋಪಾಲನಾಥರ ಬೆನ್ನಿಗೆ ತಂದೆಯಿದ್ದರು, ಗುರುಗಳಿದ್ದರು, ಮೈಸೂರಿನಲ್ಲಿ ಕಿವಿ ತೆರೆಸಿದ ಮೇಳವೊಂದಿತ್ತು. ನಮ್ಮ ಹುಡುಗನಿಗೆ ಇರುವುದು ರಾತ್ರಿಯವರೆಗೆ ಮುಗಿಸಬೇಕಾದ ಮೆರವಣಿಗೆ.

ಹಿತ್ತಾಳೆಯ ಕೊಳವೆಗೆ ತನ್ನದೆಂಬ ರಾಗವೂ ಇಲ್ಲ, ದೇಶವೂ ಇಲ್ಲ. ಅದರ ಒಂದು ತುದಿಯಲ್ಲಿ ಊದುವ ಉಸಿರಿದೆ, ಇನ್ನೊಂದು ತುದಿಯಲ್ಲಿ ಕೇಳುವ ಕಿವಿಯಿದೆ. ಇಪ್ಪತ್ತು ವರ್ಷ ಒಂದೇ ವಾದ್ಯದೊಡನೆ ಹೆಣಗಿದ ಆ ಕರಾವಳಿಯ ವಾದಕರು ಉಸಿರು ಏನು ಮಾಡಬಲ್ಲದೆಂಬುದನ್ನು ತೋರಿಸಿಕೊಟ್ಟು ಹೋದರು. ಕಿವಿ ಮಾಡಬೇಕಾದ ಕೆಲಸ ನಮ್ಮ ಪಾಲಿಗೆ ಉಳಿದಿದೆ.